ಬೆಳಕನ್ನೂ ಬಿಡದ ಕಪ್ಪುಕುಳಿಯ ಬಳಿಯಿಂದ ಗಾಮಾ ಕಿರಣ ಬರುವುದು ಹೇಗೆ?

ಪ್ರಶ್ನೆ: ಕಪ್ಪುಕುಳಿಗೆ ಬಿದ್ದದ್ದು ಯಾವುದೂ, ಬೆಳಕು ಕೂಡ, ಹಿಂದೆ ಬರುವುದಿಲ್ಲ ಎಂದು ಓದಿದ್ದೇನೆ. ದೈತ್ಯ ಕಪ್ಪುಕುಳಿಗಳ ಬಳಿಯಿಂದ ಅತಿ ಹೆಚ್ಚು ಶಕ್ತಿಯ ಗಾಮಾ ಕಿರಣಗಳು ಬರುತ್ತವೆ ಎಂದೂ ಓದಿದೆ. ಎರಡೂ ನಿಜವಾಗುವುದು ಹೇಗೆ? ಅಷ್ಟು ದೂರದಿಂದ ಬಂದದ್ದು ಕುಳಿಯ ಹತ್ತಿರದಿಂದಲೇ ಬಂತು ಎಂದು ಯಾವ ಆಧಾರದ ಮೇಲೆ ಹೇಳುತ್ತಾರೆ? ನನ್ನ ಮಗಳು ಕಾರವಾರದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಾಳೆ, ಇದೇ ವಿಷಯದ ಮೇಲೆ ಪ್ರಾಜೆಕ್ಟ್ ಮಾಡುವ ಆಸೆ ಅವಳಿಗೆ. ದೂರದರ್ಶಕ, ಲ್ಯಾಬ್ ಯಾವುದೂ ಇಲ್ಲದೆ ಸಾಧ್ಯವೇ?
– ಅಡಿಕೆ ಬೆಳೆಗಾರರೊಬ್ಬರು, ಶಿರಸಿ ತಾಲೂಕು

ಉತ್ತರ: ಎರಡೂ ನಿಜ. ಗಾಮಾ ಕಿರಣ ಕುಳಿಯ ಒಳಗಿಂದ ಬರುವುದಿಲ್ಲ, ಅದರ ಹೊರಗಿಂದ ಬರುತ್ತದೆ. ಕಾಳಿ ನದಿಯ ನೀರು ನಾಗಝರಿಯಲ್ಲಿ ವಿದ್ಯುತ್ ಕೊಡುವುದು ಮೇಲಿಂದ ಕೆಳಕ್ಕೆ ಬೀಳುವಾಗ. ಕೆಳಗೆ ಹೋಗಿ ನಿಂತ ನೀರಿನಿಂದ ಏನೂ ಹುಟ್ಟುವುದಿಲ್ಲ. ಕಪ್ಪುಕುಳಿಯ ಲೆಕ್ಕವೂ ಹಾಗೆಯೇ, ಆದರೆ ಅಲ್ಲಿನ ಇಳಿಜಾರು ಊಹೆಗೂ ಮೀರಿದ್ದು. ಸೂರ್ಯನ ಒಡಲಲ್ಲಿ ಜಲಜನಕ ಹೀಲಿಯಂ ಆಗುವಾಗ ಅದರ ರಾಶಿಯ ನೂರಕ್ಕೆ 0.7ರಷ್ಟು ಮಾತ್ರ ಶಕ್ತಿಯಾಗುತ್ತದೆ. ಅದೇ ಅನಿಲ ಸುತ್ತುತ್ತ ಕಪ್ಪುಕುಳಿಗೆ ಇಳಿದರೆ, ಕುಳಿ ತಿರುಗದೆ ಇದ್ದರೂ ನೂರಕ್ಕೆ 6ರಷ್ಟು, ಗರಿಷ್ಠ ವೇಗದಲ್ಲಿ ತಿರುಗುತ್ತಿದ್ದರೆ ನೂರಕ್ಕೆ 42ರವರೆಗೂ, ಅಂಚು ದಾಟುವ ಮೊದಲೇ ಹೊರಬೀಳಬಹುದು. ಇದಲ್ಲದೆ ತಿರುಗುವ ಕುಳಿಯ ತಿರುಗುವಿಕೆಯೇ ಇನ್ನೊಂದು ಖಜಾನೆ. ಕಾಂತಕ್ಷೇತ್ರದ ಎಳೆಗಳು ಕುಳಿಯ ಸುತ್ತಲಿನ ಜಾಗದಲ್ಲಿ ಸಿಕ್ಕಿಕೊಂಡಾಗ ಆ ತಿರುಗುವಿಕೆ ಎಳೆಗಳನ್ನು ಹುರಿಯಂತೆ ಹೊಸೆಯುತ್ತದೆ, ಶಕ್ತಿ ಆ ಎಳೆಗಳ ಗುಂಟ ಹೊರಗೆ ಹರಿಯುತ್ತದೆ. ಇದನ್ನು 1977ರಲ್ಲಿ ರೋಜರ್ ಬ್ಲಾಂಡ್‌ಫರ್ಡ್ ಮತ್ತು ರೋಮನ್ ಝ್ನಾಯೆಕ್ ಲೆಕ್ಕ ಹಾಕಿ ತೋರಿಸಿದರು. ಕೆಲವು ಗೆಲಾಕ್ಸಿಗಳ ನಡುವಿನಿಂದ ಎರಡು ದಿಕ್ಕಿಗೆ ಚಿಮ್ಮುವ ಜೆಟ್‌ಗಳ ಹಿಂದೆ ಇರುವುದು ಬಹುಶಃ ಇದೇ.

ಮುಂದಿನ ಮಾತಿಗೆಲ್ಲ ಒಂದು ಉದಾಹರಣೆ ಹಿಡಿದುಕೊಳ್ಳೋಣ. ಕನ್ಯಾ ರಾಶಿಯಲ್ಲಿ ಎಂ87 ಎಂಬ ಗೆಲಾಕ್ಸಿ ಇದೆ. ದೂರ ಸುಮಾರು 5.5 ಕೋಟಿ ಜ್ಯೋತಿರ್ವರ್ಷ. ಅದರ ನಡುವಿನ ಕಪ್ಪುಕುಳಿ ಸೂರ್ಯನಿಗಿಂತ 650 ಕೋಟಿ ಪಟ್ಟು ಭಾರ. 2019ರ ಏಪ್ರಿಲ್‌ನಲ್ಲಿ ಪತ್ರಿಕೆಗಳಲ್ಲೆಲ್ಲ ಬಂದ ಕಿತ್ತಳೆ ಬಣ್ಣದ ಉಂಗುರದ ಚಿತ್ರ ಇದರದ್ದೇ. ಹೀಬರ್ ಕರ್ಟಿಸ್ ಇದರ ಜೆಟ್ಟನ್ನು 1918ರಷ್ಟು ಹಿಂದೆಯೇ ಗುರುತಿಸಿದ್ದರು. ಒಂದು ಸೂರ್ಯನ ತೂಕಕ್ಕೆ ಕಪ್ಪುಕುಳಿಯ ತ್ರಿಜ್ಯ ಸುಮಾರು 3 ಕಿಲೋಮೀಟರ್. ಆ ಲೆಕ್ಕದಲ್ಲಿ ಎಂ87ರ ಕುಳಿಯ ತ್ರಿಜ್ಯ 1,900 ಕೋಟಿ ಕಿಲೋಮೀಟರ್‌ಗಿಂತ ತುಸು ಹೆಚ್ಚು. ಅಷ್ಟು ದೂರ ದಾಟಲು ಬೆಳಕಿಗೆ 18 ಗಂಟೆ ಬೇಕು. ಈ 18 ಗಂಟೆಯನ್ನು ನೆನಪಿಡಿ, ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಬರೀ ಕಾವಿನಿಂದ ಗಾಮಾ ಕಿರಣ ಯಾಕೆ ಬಾರದು?

ಕಣ್ಣಿಗೆ ಕಾಣುವ ಬೆಳಕಿನ ಒಂದು ಫೋಟಾನ್‌ನಲ್ಲಿ 2–3 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಇರುತ್ತದೆ. ಆಸ್ಪತ್ರೆಗಳಲ್ಲಿ ಬಳಸುವ ಕೋಬಾಲ್ಟ್-60ರ ಗಾಮಾ ಕಿರಣದ್ದು ಹತ್ತು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ 1.17 ಮತ್ತು 1.33 ಎಂಇವಿ. ಎಂ87ರಿಂದ ಬರುವ ಗಾಮಾ ಫೋಟಾನ್‌ಗಳಲ್ಲಿ ಕೆಲವಕ್ಕೆ ಒಂದು ಲಕ್ಷ ಕೋಟಿ ಎಲೆಕ್ಟ್ರಾನ್‌ವೋಲ್ಟ್, ಅಂದರೆ 1 ಟಿಇವಿ, ಅಥವಾ ಅದಕ್ಕೂ ಹೆಚ್ಚು. ಹಾರುವ ಸೊಳ್ಳೆಯೊಂದರ ಚಲನಶಕ್ತಿಯಷ್ಟು ಒಂದೇ ಫೋಟಾನ್‌ನಲ್ಲಿ. ಕಾವಿನಿಂದಲೇ ಇದು ಬರಬೇಕಾದರೆ ಉಷ್ಣತೆ 1ರ ಮುಂದೆ 16 ಸೊನ್ನೆ ಹಾಕಿದಷ್ಟು ಡಿಗ್ರಿ ಇರಬೇಕು. ದೈತ್ಯ ಕಪ್ಪುಕುಳಿಗಳ ಸುತ್ತ ಹೊಳೆಯುವ ಅನಿಲದ ತಟ್ಟೆ ಬಿಸಿಯಾಗುವುದು ಹತ್ತಾರು ಸಾವಿರದಿಂದ ಲಕ್ಷ ಡಿಗ್ರಿಯವರೆಗೆ, ಅದು ಸೂಸುವುದು ಹೆಚ್ಚಾಗಿ ನೇರಳಾತೀತ ಬೆಳಕನ್ನು. ಹಾಗಾಗಿ ಇಡೀ ಅನಿಲ ಕಾಯುವುದರಿಂದ ಕೆಲಸ ಆಗದು. ಕೋಟ್ಯಂತರ ಕಣಗಳಲ್ಲಿ ಕೆಲವಕ್ಕೆ ಮಾತ್ರ ಮಿತಿಮೀರಿದ ಶಕ್ತಿ ಸಿಗಬೇಕು. ಕಣಗಳ ವೇಗವರ್ಧನೆ ಎನ್ನುವುದು ಇದನ್ನೇ.

ಅದಕ್ಕೆ ಮೂರು ದಾರಿಗಳು ಗೊತ್ತಿವೆ. ಮೊದಲನೆಯದನ್ನು ಮೇಜಿನ ಮೇಲೆಯೇ ನೋಡಬಹುದು. ಟೇಬಲ್ ಟೆನಿಸ್ ಚೆಂಡನ್ನು ಪುಟಿಯಲು ಬಿಟ್ಟು, ಬ್ಯಾಟನ್ನು ಮೇಲಿಂದ ಮೆಲ್ಲಗೆ ಕೆಳಗೆ ತನ್ನಿ. ಬ್ಯಾಟಿಗೂ ಮೇಜಿಗೂ ನಡುವೆ ಸಿಕ್ಕ ಚೆಂಡು ಟಕಟಕನೆ ಬಡಿಯುತ್ತ ವೇಗ ಹೆಚ್ಚಿಸಿಕೊಳ್ಳುತ್ತದೆ. ಪ್ರತಿ ಬಡಿತದಲ್ಲೂ ಕೆಳಗಿಳಿಯುವ ಬ್ಯಾಟಿನಿಂದ ಚೂರು ಶಕ್ತಿ ಅದಕ್ಕೆ ಸೇರುತ್ತಿರುತ್ತದೆ. ಜೆಟ್‌ನಲ್ಲಿ ವೇಗದ ಅನಿಲ ಹಿಂದಿನಿಂದ ಬಂದು ನಿಧಾನದ ಅನಿಲಕ್ಕೆ ಅಪ್ಪಳಿಸಿದಾಗ ಆಘಾತ ತರಂಗ ಏಳುತ್ತದೆ. ಅದರ ಎರಡೂ ಬದಿಯ ಕಾಂತಕ್ಷೇತ್ರಗಳು ಒಂದನ್ನೊಂದು ಸಮೀಪಿಸುವ ಗೋಡೆಗಳ ಹಾಗೆ. ನಡುವೆ ಸಿಕ್ಕ ಕಣ ಸಾವಿರಾರು ಸಲ ಅತ್ತಿಂದಿತ್ತ ದಾಟಿ ಶಕ್ತಿ ಕೂಡಿಸಿಕೊಳ್ಳುತ್ತದೆ. ಪ್ರತಿ ಸುತ್ತಿನಲ್ಲೂ ಕೆಲವು ಕಣ ತಪ್ಪಿಸಿಕೊಂಡು ಹೋಗುವುದರಿಂದ ಕಡಿಮೆ ಶಕ್ತಿಯವು ಬಹಳ, ಹೆಚ್ಚು ಶಕ್ತಿಯವು ವಿರಳ ಎನ್ನುವ ಏಣಿ ತಾನಾಗಿ ಆಗುತ್ತದೆ. ಎನ್ರಿಕೊ ಫರ್ಮಿ 1949ರಲ್ಲಿ ಕೊಟ್ಟ ಕಲ್ಪನೆಯ ಬೆಳೆದ ರೂಪ ಇದು.

ಎರಡನೆಯದು ಕಾಂತಕ್ಷೇತ್ರದ ಮರುಜೋಡಣೆ. ವಿರುದ್ಧ ದಿಕ್ಕಿನ ಕಾಂತ ಎಳೆಗಳು ಒತ್ತಿಕೊಂಡಾಗ ಹರಿದು ಬೇರೆ ರೀತಿ ಕೂಡಿಕೊಳ್ಳುತ್ತವೆ, ಎಳೆದು ಬಿಟ್ಟ ರಬ್ಬರಿನ ಹಾಗೆ ಸೆಟೆದು ಕಣಗಳನ್ನು ಎಸೆಯುತ್ತವೆ. ಸೂರ್ಯನ ಮೇಲಿನ ಜ್ವಾಲೆಗಳಲ್ಲೂ ಇದೇ ನಡೆಯುತ್ತದೆ. ಕಾಂತಶಕ್ತಿಯೇ ಮೇಲುಗೈಯಾಗಿರುವ ಜೆಟ್ಟಿನ ಬುಡದಲ್ಲಿ ಆಘಾತ ತರಂಗಕ್ಕಿಂತ ಇದೇ ಹೆಚ್ಚು ಪರಿಣಾಮಕಾರಿ ಎಂಬುದು ನನ್ನ ಅಭಿಪ್ರಾಯ.

ಮೂರನೆಯದು ನಿಮ್ಮ ಪ್ರಶ್ನೆಗೆ ತೀರ ಹತ್ತಿರದ್ದು, ಕುಳಿಯ ಅಂಚಿನಲ್ಲೇ ನಡೆಯುವಂಥದ್ದು. ಕಾಂತಕ್ಷೇತ್ರದಲ್ಲಿ ತಿರುಗುವ ವಾಹಕ ಡೈನಮೋ ಆಗುತ್ತದೆ, ತಿರುಗುವ ಕಪ್ಪುಕುಳಿಯೂ ಹಾಗೆ. ಎಂ87ರ ಉಂಗುರದ ಬಳಿ ಕಾಂತಕ್ಷೇತ್ರ 1ರಿಂದ 30 ಗಾಸ್ ಎಂದು 2021ರಲ್ಲಿ ಧ್ರುವೀಕೃತ ಬೆಳಕಿನ ಚಿತ್ರದಿಂದ ಅಂದಾಜಾಗಿದೆ. ಇದು ದೊಡ್ಡ ಬಲವೇನಲ್ಲ. ಫ್ರಿಜ್ ಬಾಗಿಲಿಗೆ ಅಂಟಿಸುವ ಅಯಸ್ಕಾಂತಕ್ಕೂ ಇದಕ್ಕಿಂತ ಹೆಚ್ಚು ಬಲವಿರುತ್ತದೆ. ಆದರೆ ಹರಡಿರುವ ಜಾಗ ಸಾವಿರಾರು ಕೋಟಿ ಕಿಲೋಮೀಟರ್. ಕ್ಷೇತ್ರವನ್ನು ಗಾತ್ರದಿಂದಲೂ ಬೆಳಕಿನ ವೇಗದಿಂದಲೂ ಗುಣಿಸಿದರೆ ವಿದ್ಯುತ್ ಒತ್ತಡ 1ರ ಮುಂದೆ 18 ಸೊನ್ನೆ ವೋಲ್ಟ್‌ನ ಆಸುಪಾಸಿಗೆ ಬರುತ್ತದೆ. ನಮ್ಮ ಕೊಂಕಣ ರೈಲಿನ ತಲೆಯ ಮೇಲಿನ ತಂತಿಯಲ್ಲಿ ಇರುವುದು 25 ಸಾವಿರ ವೋಲ್ಟ್.

ಅಷ್ಟು ಒತ್ತಡ ಸಾಮಾನ್ಯವಾಗಿ ಬಳಕೆಗೆ ಸಿಗುವುದಿಲ್ಲ. ಸುತ್ತ ಸಾಕಷ್ಟು ವಿದ್ಯುದಾವಿಷ್ಟ ಕಣಗಳಿದ್ದರೆ ಅವು ಸರಿದಾಡಿ ವಿದ್ಯುತ್ ಕ್ಷೇತ್ರವನ್ನು ಮುಚ್ಚಿಹಾಕುತ್ತವೆ. ಎಲ್ಲಾದರೂ ಒಂದು ಕಡೆ ಕಣಗಳ ಕೊರತೆ ಬಿತ್ತೆಂದರೆ ಅಲ್ಲಿ ಖಾಲಿ ಕಿಂಡಿಯೊಂದು ತೆರೆದುಕೊಳ್ಳುತ್ತದೆ, ಒತ್ತಡ ಪೂರ್ತಿ ಅದರ ಮೇಲೆ ಬೀಳುತ್ತದೆ. ಕಿಂಡಿಯೊಳಗೆ ಸಿಕ್ಕ ಎಲೆಕ್ಟ್ರಾನ್ ಕ್ಷಣದಲ್ಲಿ ಟಿಇವಿ ಶಕ್ತಿಗೆ ಏರಿ ಗಾಮಾ ಕಿರಣ ಹೊರಡಿಸುತ್ತದೆ. ಆ ಗಾಮಾ ಕಿರಣಗಳಲ್ಲಿ ಕೆಲವು ಸುತ್ತಲಿನ ಬೆಳಕಿಗೆ ಡಿಕ್ಕಿ ಹೊಡೆದು ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಗಳಾಗುತ್ತವೆ (ಪಾಸಿಟ್ರಾನ್ ಎಂದರೆ ಧನ ಆವೇಶದ ಎಲೆಕ್ಟ್ರಾನ್). ಆ ಜೋಡಿಗಳು ಮತ್ತೆ ವೇಗ ಪಡೆದು ಇನ್ನಷ್ಟು ಜೋಡಿಗಳನ್ನು ಹುಟ್ಟಿಸುತ್ತವೆ. ಕಣಗಳು ತುಂಬಿದೊಡನೆ ಕಿಂಡಿ ಮುಚ್ಚಿಕೊಳ್ಳುತ್ತದೆ. ಅವು ಹರಿದು ಹೋದ ಮೇಲೆ ಮತ್ತೆ ತೆರೆಯುತ್ತದೆ. ಮಳೆಗಾಲದ ಆರಂಭದಲ್ಲಿ ಮೋಡದೊಳಗೆ ಆವೇಶ ಕೂಡಿ, ಮಿಂಚಿ ಖಾಲಿಯಾಗಿ, ಮತ್ತೆ ಕೂಡುವುದಕ್ಕೂ ಇದಕ್ಕೂ ಹತ್ತಿರದ ಹೋಲಿಕೆ ಇದೆ.

ವೇಗ ಪಡೆದ ಎಲೆಕ್ಟ್ರಾನ್ ಗಾಮಾ ಕಿರಣ ಕೊಡುವ ಮುಖ್ಯ ಬಗೆ ಕೇರಂ ಆಡಿದವರಿಗೆ ಬೇಗ ತಿಳಿಯುತ್ತದೆ. ಸ್ಟ್ರೈಕರ್ ಎಲೆಕ್ಟ್ರಾನ್, ಸುಮ್ಮನೆ ಕೂತ ಬಿಲ್ಲೆ ಸಾಧಾರಣ ಫೋಟಾನ್. ಡಿಕ್ಕಿಯಲ್ಲಿ ಎಲೆಕ್ಟ್ರಾನ್ ತನ್ನ ಶಕ್ತಿಯನ್ನು ಫೋಟಾನ್‌ಗೆ ದಾಟಿಸುತ್ತದೆ. ಇದು ವಿಲೋಮ ಕಾಂಪ್ಟನ್ ಚದುರಿಕೆ. ಅದೇ ಎಲೆಕ್ಟ್ರಾನ್‌ಗಳು ಕಾಂತ ಎಳೆಗಳ ಸುತ್ತ ಸುರುಳಿ ಸುತ್ತುವಾಗ ಎಕ್ಸ್-ಕಿರಣ ಸೂಸುತ್ತವೆ. ಆದ್ದರಿಂದಲೇ ಮಾರ್ಕೇರಿಯನ್ 421ರಂಥ ಗೆಲಾಕ್ಸಿಯಲ್ಲಿ ಎಕ್ಸ್-ಕಿರಣ ಏರಿದಾಗ ಟಿಇವಿ ಗಾಮಾ ಕಿರಣವೂ ಬಹಳ ಸಲ ಜೊತೆಗೇ ಏರುತ್ತದೆ. ಪ್ರೋಟಾನ್‌ಗಳೂ ವೇಗ ಪಡೆಯುತ್ತಿದ್ದರೆ ಅವು ಬೆಳಕಿಗೆ ಡಿಕ್ಕಿ ಹೊಡೆದು ಪಯಾನ್ ಎಂಬ ಅಲ್ಪಾಯುಷಿ ಕಣಗಳನ್ನು ಹುಟ್ಟಿಸಬೇಕು. ಅವು ಒಡೆದಾಗ ಗಾಮಾ ಕಿರಣದ ಜೊತೆ ನ್ಯೂಟ್ರಿನೊ ಎಂಬ, ಯಾವುದಕ್ಕೂ ಸುಲಭವಾಗಿ ತಾಗದ ಕಣವೂ ಬರಬೇಕು. 2017ರ ಸೆಪ್ಟೆಂಬರ್ 22ರಂದು ದಕ್ಷಿಣ ಧ್ರುವದ ಐಸ್‌ಕ್ಯೂಬ್ ಎಂಬ ನ್ಯೂಟ್ರಿನೊ ಶೋಧಕ ಹಿಡಿದ ಸುಮಾರು 290 ಟಿಇವಿ ನ್ಯೂಟ್ರಿನೊ, ಆಗ ಗಾಮಾ ಕಿರಣದಲ್ಲಿ ಉರಿಯುತ್ತಿದ್ದ ಟಿಎಕ್ಸ್‌ಎಸ್ 0506+056 ಎಂಬ ಗೆಲಾಕ್ಸಿಯ ದಿಕ್ಕಿನಿಂದ ಬಂದಿತ್ತು.

ಹತ್ತಿರದಿಂದಲೇ ಬಂತು ಎಂದು ಹೇಗೆ ಹೇಳುತ್ತಾರೆ?

ಚಿತ್ರ ತೆಗೆದು ಹೇಳುವಂತಿಲ್ಲ. ಇಂದಿನ ಟಿಇವಿ ದೂರದರ್ಶಕಗಳು ಒಂದು ಫೋಟಾನ್ ಬಂದ ದಿಕ್ಕನ್ನು ಸುಮಾರು 0.1 ಡಿಗ್ರಿಯಷ್ಟೇ ಖಚಿತವಾಗಿ ಹೇಳಬಲ್ಲವು. ಎಂ87ರ ದೂರದಲ್ಲಿ 0.1 ಡಿಗ್ರಿ ಎಂದರೆ 96 ಸಾವಿರ ಜ್ಯೋತಿರ್ವರ್ಷ. ಕುಳಿ, ಸುಮಾರು 5 ಸಾವಿರ ಜ್ಯೋತಿರ್ವರ್ಷ ಉದ್ದದ ಜೆಟ್, ಗೆಲಾಕ್ಸಿಯ ಬಹುಭಾಗ ಎಲ್ಲವೂ ಒಂದೇ ಮಸಿಯ ಚುಕ್ಕೆಯೊಳಗೆ ಅಡಗಿಬಿಡುತ್ತವೆ.

ಇಲ್ಲಿ ಅಳತೆಗೋಲು ಆಗುವುದು ಕಾಲ. ಬೆಳಗುವ ವಸ್ತು ತನ್ನ ಅಗಲವನ್ನು ಬೆಳಕು ದಾಟಲು ಬೇಕಾದ ಸಮಯಕ್ಕಿಂತ ಬೇಗ ಒಟ್ಟಾಗಿ ಮಿನುಗಲಾರದು. ವಸ್ತುವಿನ ಒಂದು ತುದಿಯಿಂದ ಮತ್ತೊಂದಕ್ಕೆ ಬೆಳಕು ದಾಟಲು ಒಂದು ತಿಂಗಳು ಬೇಕಾದರೆ, ಇಡೀ ವಸ್ತು ಒಂದೇ ಗಳಿಗೆಯಲ್ಲಿ ಹೊತ್ತಿಕೊಂಡರೂ ಈಚೆ ತುದಿಯ ಬೆಳಕು ಮೊದಲು, ಆಚೆ ತುದಿಯದು ತಿಂಗಳ ನಂತರ ನಮ್ಮನ್ನು ತಲುಪುತ್ತದೆ. ನಮಗೆ ಕಾಣುವುದು ಒಂದು ತಿಂಗಳಿನ ನಿಧಾನ ಏರಿಕೆ. ಎರಡು ದಿನದಲ್ಲಿ ಏರಿ ಇಳಿದರೆ ಅದು ಎರಡು ಬೆಳಕಿನ-ದಿನಕ್ಕಿಂತ ದೊಡ್ಡದಿರಲಾರದು.

ನಮೀಬಿಯಾದ ಹೆಸ್ ದೂರದರ್ಶಕಗಳು 2005ರಲ್ಲಿ ಎಂ87ರ ಟಿಇವಿ ಬೆಳಕು ಎರಡೇ ದಿನದಲ್ಲಿ ಬದಲಾಗುವುದನ್ನು ಕಂಡವು. ಕುಳಿಯ ತ್ರಿಜ್ಯ ದಾಟಲು 18 ಗಂಟೆ ಎಂದೆನಲ್ಲ, 48 ಗಂಟೆ ಎಂದರೆ ಸುಮಾರು 2.7 ತ್ರಿಜ್ಯ. 5.5 ಕೋಟಿ ಜ್ಯೋತಿರ್ವರ್ಷ ಆಚೆಯ ಘಟನೆಯನ್ನು ಬರೀ ಗಡಿಯಾರ ನೋಡಿ ಕುಳಿಯ ಗಾತ್ರದವರೆಗೆ ಕಟ್ಟಿಹಾಕಿದ ಲೆಕ್ಕ ಇದು. ಈ ಇಡೀ ವಿಷಯದಲ್ಲಿ ನನಗೆ ಇದಕ್ಕಿಂತ ಚೆಂದದ್ದು ಇನ್ನೊಂದಿಲ್ಲ.

ಆದರೆ ಇಲ್ಲಿ ಎರಡು ಕಡೆ ಎಡವಬಹುದು. ಮೊದಲನೆಯದು ವೇಗದ ಪರಿಣಾಮ. ಜೆಟ್ ಬೆಳಕಿನ ವೇಗದ ಹತ್ತಿರಕ್ಕೆ ನಮ್ಮ ಕಡೆಗೆ ಬರುತ್ತಿದ್ದರೆ ನಮಗೆ ಕಾಣುವ ಕಾಲ ಕುಗ್ಗುತ್ತದೆ, ಫೋಟಾನ್ ಶಕ್ತಿ ಏರುತ್ತದೆ, ಹೊಳಪು ಹಲವು ಸಾವಿರ ಪಟ್ಟು ಹೆಚ್ಚುತ್ತದೆ. ಕಾರವಾರದೆದುರಿನ ದೇವಗಡ ದ್ವೀಪದ ದೀಪಸ್ತಂಭದ ಬೆಳಕು ನಿಮ್ಮ ಮುಖಕ್ಕೆ ನೇರ ಬಿದ್ದಾಗ ಕಣ್ಣು ಕೋರೈಸುತ್ತದೆ, ಪಕ್ಕಕ್ಕೆ ತಿರುಗಿದಾಗ ದೀಪ ಇದೆಯೋ ಇಲ್ಲವೋ ಎನ್ನುವಂತಾಗುತ್ತದೆ. ಜೆಟ್ ನೇರ ನಮ್ಮತ್ತ ಇರುವ ಗೆಲಾಕ್ಸಿಗಳನ್ನು ಬ್ಲೇಝಾರ್ ಎನ್ನುತ್ತಾರೆ. ಅವುಗಳಲ್ಲಿ ಈ ಕುಗ್ಗುವಿಕೆಯ ಗುಣಕ 10–20, ಕೆಲವೊಮ್ಮೆ 50. ಮೂಲದ ಗಾತ್ರ ಲೆಕ್ಕ ಹಾಕುವಾಗ ಕಂಡ ಕಾಲವನ್ನು ಈ ಗುಣಕದಿಂದ ಗುಣಿಸಬೇಕು. ಎಂ87ರ ಜೆಟ್ ನಮ್ಮ ದೃಷ್ಟಿರೇಖೆಗೆ ಸುಮಾರು 17 ಡಿಗ್ರಿ ಓರೆ, ಹಾಗಾಗಿ ಅಲ್ಲಿ ಗುಣಕ ಬೆರಳೆಣಿಕೆಯಷ್ಟೆ.

ಎರಡನೆಯದು ಇನ್ನೂ ಮುಖ್ಯ. ಚಿಕ್ಕದು ಎಂದಾಕ್ಷಣ ಕುಳಿಯ ಹತ್ತಿರದ್ದು ಎಂದಾಗದು. ಜೆಟ್ಟಿನಲ್ಲಿ ದೂರ ಎಲ್ಲೋ ಇರುವ ಚಿಕ್ಕ ಗಂಟೂ ಬೇಗ ಮಿನುಗಬಹುದು. 2005ರಲ್ಲಿ ಎಂ87ರ ಜೆಟ್ಟಿನಲ್ಲಿರುವ ಎಚ್‌ಎಸ್‌ಟಿ-1 ಎಂಬ ಗಂಟು ಎಕ್ಸ್-ಕಿರಣದಲ್ಲಿ ಉಜ್ವಲವಾಗಿತ್ತು, ಅನುಮಾನ ಅತ್ತ ತಿರುಗಿತು. 2008ರ ಟಿಇವಿ ಭುಗಿಲಿನ ಹೊತ್ತಿಗೆ ರೇಡಿಯೊ ದೂರದರ್ಶಕಗಳ ಜಾಲ ಕುಳಿಯ ಪಕ್ಕದ ನಡುಭಾಗವೇ ಹೊಳಪೇರುವುದನ್ನು ಕಂಡಿತು, ತಕ್ಕಡಿ ಇತ್ತ ವಾಲಿತು. 2018ರ ಏಪ್ರಿಲ್‌ನಲ್ಲಿ ಉಂಗುರದ ಚಿತ್ರ ತೆಗೆಯುವ ದೂರದರ್ಶಕಗಳು ನೋಡುತ್ತಿದ್ದಾಗಲೇ ಸುಮಾರು ಮೂರು ದಿನದ ಭುಗಿಲು ಬಂತು. ಆದ್ದರಿಂದ ಎಂ87ರ ಬಗ್ಗೆ “ಕುಳಿಯ ಬಳಿಯಿಂದ” ಎನ್ನಲು ಬಲವಾದ ಆಧಾರಗಳಿವೆ, ಆದರೆ ಪ್ರತಿ ಭುಗಿಲಿಗೂ ಅದನ್ನೇ ಅಂಟಿಸಬಾರದು.

ಬ್ಲೇಝಾರ್‌ಗಳಲ್ಲಿ ಕಾಲದ ಅಳತೆ ಇನ್ನೂ ಬಿಗಿಯಾಗುತ್ತದೆ. ಪಿಕೆಎಸ್ 2155-304 ಎಂಬುದು 2006ರ ಜುಲೈನಲ್ಲಿ ಸುಮಾರು 200 ಸೆಕೆಂಡಿನಲ್ಲಿ ಏರಿಳಿಯಿತು. ಅದರ ಕುಳಿ 100 ಕೋಟಿ ಸೂರ್ಯರಷ್ಟು ಎಂದಿಟ್ಟುಕೊಂಡರೆ ಬೆಳಕು ತ್ರಿಜ್ಯ ದಾಟಲು ಸುಮಾರು 10 ಸಾವಿರ ಸೆಕೆಂಡ್ ಬೇಕು. 200 ಸೆಕೆಂಡ್ ಇದಕ್ಕೆ ಹೊಂದಬೇಕಾದರೆ ಗುಣಕ 50 ಬೇಕು. ಇಂಥ ಬ್ಲೇಝಾರ್‌ಗಳ ಜೆಟ್‌ಗಳನ್ನು ರೇಡಿಯೊದಲ್ಲಿ ನೋಡಿದರೆ ಅಷ್ಟು ವೇಗ ಕಾಣುವುದಿಲ್ಲ. ಜೆಟ್ಟಿನೊಳಗೇ ಮರುಜೋಡಣೆಯಿಂದ ಇನ್ನೂ ವೇಗದ ಕಿರುಜೆಟ್‌ಗಳು ಹುಟ್ಟುತ್ತವೆ ಎನ್ನುವುದು ಒಂದು ಪರಿಹಾರ. 2012ರ ನವೆಂಬರ್‌ನಲ್ಲಿ ಐಸಿ 310 ಎಂಬ ಗೆಲಾಕ್ಸಿ ಐದು ನಿಮಿಷದೊಳಗೆ ಮಿನುಗಿದ್ದನ್ನು ಲಾ ಪಾಲ್ಮಾ ದ್ವೀಪದ ಮ್ಯಾಜಿಕ್ ದೂರದರ್ಶಕಗಳು ಕಂಡವು. ಅದರ ಕುಳಿಯನ್ನು ಬೆಳಕು ದಾಟಲು ಇಪ್ಪತ್ತಕ್ಕೂ ಹೆಚ್ಚು ನಿಮಿಷ ಬೇಕು ಎಂದು ಲೆಕ್ಕ ಹಾಕಿದ ಆ ತಂಡ ಮೇಲೆ ಹೇಳಿದ ಕಿಂಡಿಯ ಮಿಂಚೇ ಇದಕ್ಕೆ ಕಾರಣ ಎಂದಿತು.

ಇನ್ನೊಂದು ತಪಾಸಣೆ ಎಲೆಕ್ಟ್ರಾನ್‌ನ ಆಯುಷ್ಯ. 0.1 ಗಾಸ್ ಕಾಂತಕ್ಷೇತ್ರದಲ್ಲಿ ಅರ್ಧ ಟಿಇವಿ ಎಲೆಕ್ಟ್ರಾನ್ ತನ್ನ ಶಕ್ತಿಯನ್ನು ಸುಮಾರು 22 ಗಂಟೆಯಲ್ಲಿ ಕಳೆದುಕೊಳ್ಳುತ್ತದೆ. ಹಾಗಾಗಿ ಎಲ್ಲಿ ಟಿಇವಿ ಬೆಳಕು ಹುಟ್ಟುತ್ತದೋ ಅಲ್ಲೇ ಅಥವಾ ಪಕ್ಕದಲ್ಲೇ ಕಣಕ್ಕೆ ವೇಗ ಸಿಕ್ಕಿರಬೇಕು. ಕುಳಿಯ ಬಳಿ ಪಡೆದ ಶಕ್ತಿಯನ್ನು ಸಾವಿರ ಜ್ಯೋತಿರ್ವರ್ಷ ಹೊತ್ತೊಯ್ಯಲು ಎಲೆಕ್ಟ್ರಾನ್‌ಗೆ ಸಾಧ್ಯವಿಲ್ಲ.

ಹುಟ್ಟಿದ್ದೆಲ್ಲ ಹೊರಬರುವುದೂ ಇಲ್ಲ. 1 ಟಿಇವಿ ಫೋಟಾನ್ ಸುಮಾರು 1 ಎಲೆಕ್ಟ್ರಾನ್‌ವೋಲ್ಟ್‌ನ ಸಾಧಾರಣ ಅವಕೆಂಪು ಫೋಟಾನ್‌ಗೆ ಎದುರಾದರೆ ಎರಡೂ ಅಳಿದು ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಯಾಗಬಹುದು. ಕುಳಿಯ ಸುತ್ತ ಬೆಳಕು ದಟ್ಟವಾಗಿದ್ದಷ್ಟೂ ಗಾಮಾ ಕಿರಣ ಅಲ್ಲೇ ನುಂಗಿಹೋಗುತ್ತದೆ. ಎಂ87ರ ಕುಳಿ ಸ್ವಲ್ಪವೇ ಅನಿಲ ತಿನ್ನುತ್ತ ಮಂಕಾಗಿ ಇರುವುದರಿಂದಲೇ ಅದರ ಟಿಇವಿ ಬೆಳಕು ನಮ್ಮವರೆಗೆ ಬಂದಿದೆ. ಎನ್‌ಜಿಸಿ 1068 ಎಂಬ ಗೆಲಾಕ್ಸಿ ಇದಕ್ಕೆ ತದ್ವಿರುದ್ಧ. 2022ರಲ್ಲಿ ಐಸ್‌ಕ್ಯೂಬ್ ಆ ದಿಕ್ಕಿನಿಂದ 79ರಷ್ಟು ಹೆಚ್ಚುವರಿ ನ್ಯೂಟ್ರಿನೊಗಳನ್ನು ಲೆಕ್ಕ ಹಾಕಿತು, ಟಿಇವಿ ಗಾಮಾ ಕಿರಣ ಮಾತ್ರ ಕಾಣಲಿಲ್ಲ. ಕಣಗಳು ವೇಗ ಪಡೆಯುತ್ತಿವೆ, ಜೊತೆಗೆ ಹುಟ್ಟಿದ ಗಾಮಾ ಕಿರಣ ಸುತ್ತಲಿನ ದಟ್ಟ ಬೆಳಕಿನಲ್ಲಿ ಸೋಸಿಹೋಗಿದೆ. ಹೊರಬಂದವಕ್ಕೂ ದಾರಿಯಲ್ಲಿ ಇದೇ ಕಾಟ. ದೇವಿಮನೆ ಘಟ್ಟದ ಮಂಜಿನಲ್ಲಿ ದೂರದ ಗಾಡಿಯ ದೀಪ ಅಳಿಸಿಹೋಗುವ ಹಾಗೆ, ಬಹಳ ದೂರದ ಗೆಲಾಕ್ಸಿಗಳ ಟಿಇವಿ ಬೆಳಕು ವಿಶ್ವದಲ್ಲಿ ಹರಡಿರುವ ನಕ್ಷತ್ರಬೆಳಕಿನಲ್ಲಿ ಕರಗುತ್ತದೆ.

ಹಿಡಿಯುವುದು ಹೇಗೆ? ಕಾರವಾರದಿಂದ ಯಾಕಾಗದು?

ಸಿಡಿದ ನಕ್ಷತ್ರವೊಂದರ ಅವಶೇಷವಾದ ಕ್ರ್ಯಾಬ್ ನೆಬ್ಯುಲಾ ಟಿಇವಿ ಆಕಾಶದ ಅತಿ ಪ್ರಕಾಶಮಾನ ಮೂಲಗಳಲ್ಲಿ ಒಂದು. ಅದರಿಂದಲೂ 1 ಟಿಇವಿಗಿಂತ ಹೆಚ್ಚಿನ ಫೋಟಾನ್ ಒಂದು ಚದರ ಮೀಟರ್‌ಗೆ ಬರುವುದು ಸುಮಾರು ಎರಡು ತಿಂಗಳಿಗೊಂದು. ಶಾಂತವಾಗಿರುವಾಗ ಎಂ87ರದ್ದು ಅದರ ನೂರನೇ ಒಂದು ಭಾಗ, ಅಂದರೆ 16 ವರ್ಷಕ್ಕೊಂದು. ಉಪಗ್ರಹದಲ್ಲಿ ಚಿಕ್ಕ ಪೆಟ್ಟಿಗೆ ಇಟ್ಟು ಕಾಯುವುದು ವ್ಯರ್ಥ. ಉಪಾಯ ಬೇರೆ. ಗಾಮಾ ಫೋಟಾನ್ ನಮ್ಮ ವಾತಾವರಣಕ್ಕೆ ಅಪ್ಪಳಿಸಿ ಕಣಗಳ ಸುರಿಮಳೆಯಾಗುತ್ತದೆ. ಸುಮಾರು 10 ಕಿಲೋಮೀಟರ್ ಎತ್ತರದಲ್ಲಿ ಈ ಸುರಿಮಳೆ ತುಂಬಿರುತ್ತದೆ. ಗಾಳಿಯಲ್ಲಿ ಬೆಳಕು ಚಲಿಸುವುದಕ್ಕಿಂತ ಬೇಗ ಈ ಕಣಗಳು ಚಲಿಸುವುದರಿಂದ ನೀಲಿ ಚೆರೆಂಕೋವ್ ಬೆಳಕು ಹೊರಡುತ್ತದೆ. ಕೈಗಾದಂಥ ಸ್ಥಾವರಗಳಲ್ಲಿ ಆಗತಾನೇ ಹೊರತೆಗೆದ ಇಂಧನವನ್ನು ಮುಳುಗಿಸಿಡುವ ನೀರಿನ ಕೊಳದ ನೀಲಿ ಹೊಳಪು ಇದೇ ಜಾತಿಯದ್ದು. ನೀರಿನಲ್ಲಿ ಆ ಬೆಳಕು 41 ಡಿಗ್ರಿ ಅಗಲವಾಗಿ ಚದುರುತ್ತದೆ, 10 ಕಿಲೋಮೀಟರ್ ಎತ್ತರದ ತೆಳು ಗಾಳಿಯಲ್ಲಿ 0.7 ಡಿಗ್ರಿಯಷ್ಟೆ. ಹಾಗಾಗಿ ಅದು ನೆಲ ಮುಟ್ಟುವಾಗ ಸುಮಾರು 120 ಮೀಟರ್ ತ್ರಿಜ್ಯದ ವೃತ್ತವಾಗಿರುತ್ತದೆ. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ 11 ಎಕರೆ ತೋಟ. ಆ 11 ಎಕರೆಯೊಳಗೆ ಎಲ್ಲಿ ದೊಡ್ಡ ಕನ್ನಡಿ ಇಟ್ಟರೂ ಆ ಫೋಟಾನ್‌ನ ಸುಳಿವು ಸಿಗುತ್ತದೆ. 16 ವರ್ಷಕ್ಕೊಂದು ಎಂಬುದು ಮೂರು ಗಂಟೆಗೊಂದು ಎಂದಾಗುವುದು ಹೀಗೆ.

ಈ ಮಿಂಚು ಇರುವುದು ಕೆಲವೇ ನ್ಯಾನೊಸೆಕೆಂಡ್. 1 ಟಿಇವಿಗೆ ಚದರ ಮೀಟರಿಗೆ ನೂರರಷ್ಟು ಫೋಟಾನ್ ಬೀಳುತ್ತವೆ. ಇದರ ಜೊತೆ ಬಾಹ್ಯಾಕಾಶದ ಪ್ರೋಟಾನ್‌ಗಳೂ ಸಾವಿರಾರು ಪಟ್ಟು ಹೆಚ್ಚು ಸಂಖ್ಯೆಯಲ್ಲಿ ಇಂಥದೇ ಮಿಂಚು ಎಬ್ಬಿಸುತ್ತವೆ. ಬೇರ್ಪಡಿಸುವುದು ಆಕಾರ ನೋಡಿ. ಗಾಮಾದ ಬಿಂಬ ತೆಳ್ಳಗಿನ ಮೊಟ್ಟೆಯಾಕಾರ, ಅದರ ಉದ್ದನೆಯ ಅಕ್ಷ ಮೂಲದತ್ತ ತೋರುತ್ತದೆ. ಪ್ರೋಟಾನ್‌ನದು ಒಡೆದ, ಚದುರಿದ ಬಿಂಬ. ಆ ಸುರಿಮಳೆಯಲ್ಲೇ ಹುಟ್ಟುವ ಮ್ಯೂಯಾನ್ ಎಂಬ ಕಣದ್ದು ಉಂಗುರ. ಲಡಾಖ್‌ನ ಹಾನ್ಲೆಯಲ್ಲಿ 4,270 ಮೀಟರ್ ಎತ್ತರದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರ ನಿಲ್ಲಿಸಿದ ಮೇಸ್ ದೂರದರ್ಶಕ ಈ ಕೆಲಸದ್ದು. 21 ಮೀಟರ್ ಅಗಲದ ಕನ್ನಡಿ, ಮಂದ ಬೆಳಕು ಹಿಡಿಯುವ 1,088 ಕೊಳವೆಗಳ ಕ್ಯಾಮೆರಾ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು.

ಕಾರವಾರದ ದಂಡೆಯಲ್ಲಿ ಇಂಥದ್ದನ್ನು ನಿಲ್ಲಿಸಿದರೆ ಏನಾಗುತ್ತದೆ? ಸಮುದ್ರ ಮಟ್ಟಕ್ಕೆ ಬರುವಷ್ಟರಲ್ಲಿ ಬೆಳಕು ಇನ್ನೂ ಅಗಲಕ್ಕೆ ಹರಡಿ ತೆಳುವಾಗಿರುತ್ತದೆ. ಉಪ್ಪಿನ ಹನಿ, ತೇವ ತುಂಬಿದ ಕೆಳಗಿನ ಗಾಳಿ ನೀಲಿ ಬೆಳಕನ್ನೇ ಮೊದಲು ತಿನ್ನುತ್ತದೆ. ಬೆಳಕು ಕಡಿಮೆ ಬಂದರೆ 1 ಟಿಇವಿ ಫೋಟಾನ್ ಅರ್ಧ ಟಿಇವಿಯಂತೆ ಕಾಣುತ್ತದೆ, ಶಕ್ತಿಯ ಲೆಕ್ಕವೇ ತಪ್ಪುತ್ತದೆ. ಕನ್ನಡಿಗೆ ಇಬ್ಬನಿ, ಬಂದರಿನ ದೀಪ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಎಂ87 ಗೆಲಾಕ್ಸಿಯನ್ನು ಕಣ್ಣಾರೆ ನೋಡುವ ಆಸೆಯಿದ್ದರೆ ಅದು ಸಾಧ್ಯ. ಮಾರ್ಚ್ ಕೊನೆಯಲ್ಲಿ ನಡುರಾತ್ರಿ ಹನ್ನೆರಡೂವರೆಗೆ, ಏಪ್ರಿಲ್ ಕೊನೆಯಲ್ಲಿ ಹತ್ತೂವರೆಗೆ ಅದು ಶಿರಸಿಯ ನೆತ್ತಿಯಿಂದ ಎರಡೇ ಡಿಗ್ರಿ ದಕ್ಷಿಣಕ್ಕೆ ಇರುತ್ತದೆ. ಉತ್ತರಾ ನಕ್ಷತ್ರಕ್ಕೂ ಕನ್ಯಾ ರಾಶಿಯ ವಿಂಡೆಮಿಯಾಟ್ರಿಕ್ಸ್ ನಕ್ಷತ್ರಕ್ಕೂ ನಡುವಿನ ಗೆರೆಯ ಅರ್ಧ ದಾಟಿದ ಮೇಲೆ ಹುಡುಕಬೇಕು. ಚಂದ್ರನಿಲ್ಲದ ರಾತ್ರಿ ಆರು ಇಂಚಿನ ದೂರದರ್ಶಕದಲ್ಲಿ ಉಜ್ಜಿದ ಬೆಳ್ಳನೆಯ ಮಚ್ಚೆಯಂತೆ ಕಾಣುತ್ತದೆ. ಜೆಟ್ ಕಾಣುವುದಿಲ್ಲ.

ಮಗಳ ಪ್ರಾಜೆಕ್ಟ್

ಸಾಧ್ಯ, ಖರ್ಚಿಲ್ಲದೆ ಸಾಧ್ಯ. ಟಿಇವಿಗಿಂತ ಕಡಿಮೆ ಶಕ್ತಿಯ, ಸಂಖ್ಯೆಯಲ್ಲಿ ಬಹಳ ಹೆಚ್ಚಿರುವ ಗಾಮಾ ಫೋಟಾನ್‌ಗಳನ್ನು ಹಿಡಿಯಲು 2008ರ ಜೂನ್ 11ರಂದು ಹಾರಿದ ಫರ್ಮಿ ಉಪಗ್ರಹ ಪ್ರತಿ ಮೂರು ಗಂಟೆಗೊಮ್ಮೆ ಇಡೀ ಆಕಾಶವನ್ನು ನೋಡುವಂತೆ ರೂಪಿಸಿದ್ದು. ಅದು ಹಿಡಿದ ಪ್ರತಿ ಫೋಟಾನ್‌ನ ದಿಕ್ಕು, ಶಕ್ತಿ, ಸಮಯ ಎಲ್ಲರಿಗೂ ಉಚಿತ. ಅವಳು ಮೊದಲ ಪ್ರಯತ್ನಕ್ಕೆ ಎಂ87 ತೆಗೆದುಕೊಳ್ಳುವುದು ಬೇಡ. ಫರ್ಮಿಯಲ್ಲಿ ಅದು ಮಂಕು, ಮೇಲಾಗಿ ಹತ್ತೇ ಡಿಗ್ರಿ ದೂರದಲ್ಲಿ 3ಸಿ 273 ಎಂಬ ಉಜ್ವಲ ಕ್ವೇಸಾರ್ (ದೈತ್ಯ ಕಪ್ಪುಕುಳಿಯಿಂದಾಗಿ ಬೆಳಗುವ ಗೆಲಾಕ್ಸಿಯ ನಡುಭಾಗ) ಇದೆ. ಅದು ಭುಗಿಲೆದ್ದಾಗ ಅದರ ಕಡಿಮೆ ಶಕ್ತಿಯ ಫೋಟಾನ್‌ಗಳು ಎಂ87ರ ಲೆಕ್ಕಕ್ಕೆ ಸೋರುತ್ತವೆ. ಸಪ್ತರ್ಷಿ ಮಂಡಲದ ದಿಕ್ಕಿನ ಮಾರ್ಕೇರಿಯನ್ 421 ಒಳ್ಳೆಯದು, ವಾರ ವಾರವೂ ಸ್ಪಷ್ಟವಾಗಿ ಸಿಗುತ್ತದೆ. 1992ರಲ್ಲಿ ಗೆಲಾಕ್ಸಿಗಳ ಪೈಕಿ ಮೊದಲು ಟಿಇವಿಯಲ್ಲಿ ಕಂಡದ್ದೂ ಅದೇ.

ಮೊದಲ ವಾರ ಫರ್ಮಿ ತಂಡವೇ ತಯಾರಿಸಿಟ್ಟ, ಹೊಳಪಿನ ಏರಿಳಿತ ತೋರುವ ಗೆರೆಗಳ ಭಂಡಾರದಲ್ಲಿ ಮಾರ್ಕೇರಿಯನ್ 421ರ ವಾರವಾರದ ಗೆರೆ ನೋಡಲಿ, ಭುಗಿಲೆದ್ದ ಒಂದು ವರ್ಷ ಆರಿಸಲಿ. ಆಮೇಲೆ 8 ಜಿಬಿ ಮೆಮೊರಿಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ, ತಂತ್ರಾಂಶ ಜೋಡಿಸಿಕೊಡುವ ಕೊಂಡಾ (conda) ಮೂಲಕ ಫರ್ಮಿ ತಂಡದ ಉಚಿತ ತಂತ್ರಾಂಶ ಫರ್ಮಿಟೂಲ್ಸ್ (Fermitools) ಇಳಿಸಲಿ. ಮುಂದೆ ಬರುವ ‘ಜಿಟಿ’ (gt) ಹೆಸರುಗಳೆಲ್ಲ ಅದರೊಳಗಿನ ಉಪಕರಣಗಳು. ದತ್ತಾಂಶ ಕೇಳುವಾಗ ತ್ರಿಜ್ಯ 15 ಡಿಗ್ರಿ, ಶಕ್ತಿ 100 ಎಂಇವಿಯಿಂದ 300 ಜಿಇವಿ (1 ಜಿಇವಿ ಎಂದರೆ ಸಾವಿರ ಎಂಇವಿ). ಫೋಟಾನ್ ಕಡತದ ಜೊತೆ ಉಪಗ್ರಹದ ಚಲನೆಯ ಕಡತವನ್ನೂ ತೆಗೆದುಕೊಳ್ಳಬೇಕು. ತ್ರಿಜ್ಯ ಅಷ್ಟು ದೊಡ್ಡದೇಕೆಂದರೆ 100 ಎಂಇವಿಯಲ್ಲಿ ಬಿಂಬ 5 ಡಿಗ್ರಿಯಷ್ಟು ಹರಡುತ್ತದೆ, 1 ಜಿಇವಿಯಲ್ಲಿ 0.8 ಡಿಗ್ರಿ. ಅಕ್ಕಪಕ್ಕದವರನ್ನೂ ಮಾದರಿಯಲ್ಲಿ ಸೇರಿಸದಿದ್ದರೆ ಅವರ ಫೋಟಾನ್ ನಮ್ಮ ಮೂಲಕ್ಕೆ ಜಮೆಯಾಗುತ್ತದೆ.

ಜಿಟಿಸೆಲೆಕ್ಟ್‌ನಲ್ಲಿ ಫೋಟಾನ್ ವರ್ಗ 128, ಬಗೆ 3, ಗರಿಷ್ಠ ಝೆನಿತ್ ಕೋನ (ನೆತ್ತಿಯಿಂದ ಅಳೆದ ಕೋನ) 90 ಡಿಗ್ರಿ. ಹೊಸಬರು ಮರೆಯುವುದು ಈ 90ನ್ನು. ಮರೆತರೆ ಭೂಮಿಯ ಅಂಚಿನಲ್ಲಿ ವಾತಾವರಣದಿಂದ ಹುಟ್ಟುವ ಗಾಮಾ ಕಿರಣ ತುಂಬಿಕೊಳ್ಳುತ್ತದೆ. ನಂತರ ಜಿಟಿಎಂಕೆಟೈಮ್‌ನಲ್ಲಿ ದತ್ತಾಂಶದ ಗುಣಮಟ್ಟ ಒಳ್ಳೆಯದಿದ್ದ ಹೊತ್ತನ್ನು ಮಾತ್ರ ಉಳಿಸಿಕೊಳ್ಳಬೇಕು. ಜಿಟಿಬಿನ್‌ನಿಂದ ನಕ್ಷೆ ಮಾಡಿ ಕಣ್ಣಿನಿಂದ ನೋಡಬೇಕು, ಮೂಲ ನಡುವೆ ಇಲ್ಲದಿದ್ದರೆ ನಿರ್ದೇಶಾಂಕ ತಪ್ಪಾಗಿದೆ. ಉಪಗ್ರಹ ಯಾವ ದಿಕ್ಕನ್ನು ಎಷ್ಟು ಹೊತ್ತು ನೋಡಿತು ಎಂದು ಲೆಕ್ಕ ಹಾಕುವ ಜಿಟಿಎಲ್‌ಟಿಕ್ಯೂಬ್ ಗಂಟೆಗಟ್ಟಲೆ ಓಡಬಹುದು. ಮಲೆನಾಡಿನಲ್ಲಿ ಕರೆಂಟ್ ಹೋದರೆ ಮೊದಲಿನಿಂದ ಶುರು. ತಿಂಗಳು ತಿಂಗಳು ಬೇರೆಯಾಗಿ ಓಡಿಸಿ ಜಿಟಿಎಲ್‌ಟಿಸಮ್‌ನಿಂದ ಕೂಡಿಸಿದರೆ ಆ ಕಾಟ ಇಲ್ಲ. ಕೊನೆಗೆ, ಮಾದರಿಯನ್ನು ದತ್ತಾಂಶಕ್ಕೆ ಹೊಂದಿಸಿ ನೋಡುವ ಜಿಟಿಲೈಕ್. ಮಾರ್ಕೇರಿಯನ್ 421ಕ್ಕೆ ಸರಳ ಘಾತ ನಿಯಮ (ಶಕ್ತಿ ಏರಿದಂತೆ ಫೋಟಾನ್ ಸಂಖ್ಯೆ ಎಷ್ಟು ಬೇಗ ಇಳಿಯುತ್ತದೆ ಎನ್ನುವ ಸೂತ್ರ) ಹೊಂದಿಸಿದಾಗ ಘಾತ 1.8ರ ಹತ್ತಿರ ಬಂದರೆ ದಾರಿ ಸರಿಯಿದೆ. 2.5ರ ಕಡೆ ಜಾರಿದರೆ ಹಿನ್ನೆಲೆಯ ಮಾದರಿ ಕಡತಗಳು ಹಳೆಯವೋ, ಪಕ್ಕದ ಮೂಲ ಬಿಟ್ಟುಹೋಗಿದೆಯೋ ನೋಡಬೇಕು.

ಸಮಯದ ಬಗ್ಗೆ ಎಚ್ಚರ. ಫರ್ಮಿಯ ಗಡಿಯಾರ 2001ರ ಜನವರಿ 1ರಿಂದ ಸೆಕೆಂಡ್ ಎಣಿಸುತ್ತದೆ, ಕಂಪ್ಯೂಟರಿನದು 1970ರಿಂದ. ಇವೆರಡನ್ನು ಬೆರೆಸಿದರೆ ಭುಗಿಲು 31 ವರ್ಷ ಆಚೀಚೆ ಹೋಗುತ್ತದೆ. ವಾರವಾರದ ತುಂಡುಗಳಲ್ಲಿ ಪಕ್ಕದ ಮೂಲಗಳ ವರ್ಣಪಟಲದ ಆಕಾರವನ್ನು ಗಟ್ಟಿ ಮಾಡಿಟ್ಟು, ಪ್ರಮಾಣವನ್ನು ಮಾತ್ರ ಸಡಿಲ ಬಿಡಬೇಕು, ಇಲ್ಲದಿದ್ದರೆ ಒಂದು ವಾರದ ಕೆಲವೇ ಫೋಟಾನ್‌ಗಳಿಗೆ ಹತ್ತಾರು ಅಜ್ಞಾತಗಳಾಗಿ ಉತ್ತರ ನಿಲ್ಲುವುದಿಲ್ಲ. ಮೂಲ ನಿಜವಾಗಿಯೂ ಕಂಡಿದೆಯೇ ಎಂದು ತಿಳಿಸುವ ಪರೀಕ್ಷಾ ಅಂಕ (TS) 9ಕ್ಕಿಂತ ಕಡಿಮೆ ಬಂದ ವಾರಕ್ಕೆ ಚುಕ್ಕೆ ಇಡದೆ, ಕೆಳಮುಖ ಬಾಣ ಹಾಕಿ ಮೇಲ್ಮಿತಿಯನ್ನಷ್ಟೇ ತೋರಿಸಲಿ. ಆ ವಾರಗಳನ್ನು ಸೊನ್ನೆ ಎಂದು ಬರೆಯುವುದೂ ತಪ್ಪು, ಬಿಟ್ಟುಬಿಡುವುದೂ ತಪ್ಪು.

ಗೆರೆ ಸಿದ್ಧವಾದ ಮೇಲೆ ಹೊಳಪು ಇಮ್ಮಡಿಯಾಗಲು ಎಷ್ಟು ದಿನ ಬೇಕಾಯಿತು ಎಂದು ಅಳೆಯಲಿ. ಏಳು ದಿನ ಬಂದರೆ, ಗುಣಕ 20 ಎಂದಿಟ್ಟುಕೊಂಡು, ಮೂಲದ ಗಾತ್ರ ಹೆಚ್ಚೆಂದರೆ 140 ಬೆಳಕಿನ-ದಿನ. ಗುಣಕವನ್ನು 10, 20, 40 ಎಂದು ಬದಲಿಸಿ ಮೂರು ಉತ್ತರಗಳನ್ನೂ ವರದಿಯಲ್ಲಿ ಕೊಡಲಿ. ವಾರದ ತುಂಡಿನಲ್ಲಿ ಗಂಟೆಯ ಮಿನುಗು ಕಾಣುವಂತಿಲ್ಲ, ಆದ್ದರಿಂದ ಅವಳ ಸಂಖ್ಯೆ ಮೇಲ್ಮಿತಿ ಮಾತ್ರ. “ಮೂಲದ ಗಾತ್ರ ಇಷ್ಟು” ಎಂದು ಬರೆಯದೆ “ಇದಕ್ಕಿಂತ ದೊಡ್ಡದಲ್ಲ” ಎಂದೇ ಬರೆಯಬೇಕು.